ಎಡಗೈಯಲ್ಲಿ ಯಾರೂ ಇಲ್ಲ

ಮೊದಲ ದಿನವೇ ಜಗಳ ನಮಗೆ.
ಎಡ ಮುಂಗೈಗೆ ಕಟ್ಟಿದೆ ನಿನ್ನ,
ಐವತ್ತು ವರ್ಷ ಗಡಿಯಾರ ಹೊತ್ತ ಕೈ ಅದು.
ಹಸಿರು ದೀಪ ಹಚ್ಚಿ ಚರ್ಮದೊಳಗೆ ಇಣುಕಿದೆ ನೀನು,
ಹುಡುಕಿದೆ, ಕಪ್ಪಾದೆ,
ಗುಟ್ಟಿನ ಅಂಕಿ ಕೇಳಿದೆ.
ಮತ್ತೆ ಇಣುಕು, ಮತ್ತೆ ಕಪ್ಪು, ಮತ್ತೆ ಅಂಕಿ.
ನಿನ್ನ ಪ್ರಕಾರ ಆ ಕೈಯಲ್ಲಿ ಯಾರೂ ಇರಲಿಲ್ಲ.

ಇದ್ದಳು. ಎದೆಲ್ಮಿರಾ ಇದ್ದಳು.
ವಾಲ್ಪರೈಸೊ ಬಂದರಿನ ಏಳನೇ ಗೋದಾಮಿನ ಹಿಂದೆ
ಯಾವುದೋ ಹಡಗಿನ ಅಡುಗೆಯವ
ಮೂರು ಬಾಟಲಿ ವೈನಿಗೆ ಚುಚ್ಚಿದ ಹಚ್ಚೆ,
ಒಂದಕ್ಷರ ನುಂಗಿದ್ದ.
ಮದುವೆಯ ರಾತ್ರಿ ದೀಪಕ್ಕೆ ಹಿಡಿದು ಓದಿದಳು:
‘ಯಾರಿವಳು, ಈ ಎದೆಮಿರಾ?’
ಆ ಶಾಯಿ ದಾಟಿ ನಿನ್ನ ಬೆಳಕು ಇಳಿಯಲಿಲ್ಲ.
ಅಂಗಡಿಯ ಹುಡುಗ ಹೇಳಿದ, ಹಚ್ಚೆ ಇದ್ದರೆ ಹೀಗೇ,
ದೊನ್ ನಿಬಾಲ್ದೊ, ಬಲಗೈಗೆ ಕಟ್ಟಿಬಿಡಿ.

ಬಲಗೈಗೆ ಬಂದೆ. ಶಾನುಭೋಗನಾದೆ.
ಉಸಿರು, ನಡಿಗೆ, ನಿದ್ದೆ, ಎಲ್ಲ ನಿನ್ನ ಕಡತಕ್ಕೆ.
ನಮ್ಮ ಕೊರ್ದಿಯೆರಾ ಗುಡ್ಡಕ್ಕೆ ನೂರ ಅರವತ್ತೆರಡು ಮೆಟ್ಟಿಲು,
ಚಡ್ಡಿ ಹಾಕುವ ವಯಸ್ಸಿಗೇ ಎಣಿಸಿ ಮುಗಿಸಿದ್ದೆ.
ನೀನು ದಿನಕ್ಕೊಂದು ಲೆಕ್ಕ ಕೊಡುತ್ತೀ.
ಕಂಬಿ ಹಿಡಿದು ಹತ್ತಿದರೆ ಹತ್ತಲೇ ಇಲ್ಲ ಎನ್ನುತ್ತೀ,
ಕೈ ಬೀಸಲಿಲ್ಲವಲ್ಲ, ಅದಕ್ಕೆ.
ಆಲೂಗಡ್ಡೆ ಚೀಲ ಇಳಿಸಿ ಏದುಸಿರಲ್ಲಿ ಕೂತರೆ
‘ಏಳಿ, ಸ್ವಲ್ಪ ನಡೆಯಿರಿ’ ಎಂದು ತಿವಿಯುತ್ತೀ.
ಕುರ್ಚಿ ಬಿಡದೆ ಬೂಟಿಗೆ ಪಾಲಿಶ್ ತಿಕ್ಕಿದ್ದಕ್ಕೆ
ನಾನೂರು ಹೆಜ್ಜೆ ಎಂದು ಪಟಾಕಿ ಹಾರಿಸುತ್ತೀ.
ಹೆಜ್ಜೆ ಕಾಲಿನದು ಕಣೋ.

ಗುರುವಾರ ಡಾಮಿನೊ.
ಕೊನೆಯ ಕಾಯಿ ಮೇಜಿಗೆ ಅಪ್ಪಳಿಸಿದೆ ನಾನು,
ಅಪ್ಪಳಿಸದೆ ಗೆದ್ದರೆ ಅದೆಂಥ ಗೆಲುವು?
ಕೂಡಲೇ ನೀನು ಬಾಯಿ ಬಡಿದುಕೊಂಡೆ:
‘ಜೋರಾಗಿ ಬಿದ್ದಂತಿದೆ. ಸಹಾಯ ಬೇಕೇ?’
ಮೂವತ್ತರಿಂದ ಕೆಳಗೆ ಎಣಿಸತೊಡಗಿದೆ.
ಕನ್ನಡಕ ಮನೆಯಲ್ಲಿ. ಗುಂಡಿ ಎಲ್ಲಿ?
ಎರ್ಮೆನೆಗಿಲ್ದೊ ನನ್ನ ಮುಂಗೈಗೆ ಬಾಗಿ ಕೂಗಿದ:
‘ಬಿದ್ದದ್ದು ಅವನಲ್ಲಮ್ಮಾ, ನಾನು!’

ಇರಲಿ, ಉಂಡ ಮನೆಗೆ ಎರಡು ಬಗೆಯಬಾರದು.
ಮಾರ್ಚ್ ತಿಂಗಳ ಒಂದು ಮಧ್ಯಾಹ್ನ,
ಹಸಿಕಾಳು ಬಿಡಿಸುತ್ತಾ ಕೂತಿದ್ದೆ,
ಎದೆ ತಾಳ ತಪ್ಪಿದೆ ಎಂದೆ ನೀನು.
ನನಗೋ ನೋವಿಲ್ಲ, ಬೆವರಿಲ್ಲ,
ಮಂಜು ಮುಚ್ಚಿದ ದಿನದ ಬಂದರಿನ ಹಾಗೆ ಎಲ್ಲ ಸುಮ್ಮನೆ.
ಬೈದೆ. ಸಂಜೆ ಮತ್ತೆ ಹೇಳಿದೆ. ಮರುದಿನವೂ.
ಡಾಕ್ಟರಮ್ಮ ತಂತಿ ಅಂಟಿಸಿ, ಕಾಗದದ ಗೆರೆ ನೋಡಿ,
ನನ್ನ ಬಿಟ್ಟು ನಿನ್ನ ಕಡೆ ತಲೆಯಾಡಿಸಿದಳು.
ಈಗ ದಿನಕ್ಕೆರಡು ಮಾತ್ರೆ, ರಕ್ತ ಗಟ್ಟಿಯಾಗದಿರಲೆಂದು.
ಹೊತ್ತು ನೆನಪಿಸುವವನೂ ನೀನೇ.
ಈ ಒಂದು ಲೆಕ್ಕ ನಾನು ತೀರಿಸಲಾರೆ.

ಆದರೆ ಭೂಮಿ ನಡುಗಿದ ರಾತ್ರಿ ಎಲ್ಲಿದ್ದೆ?
ಅಡುಗೆಮನೆಯಲ್ಲಿ, ವಯರಿಗೆ ಬಾಯಿಟ್ಟು.
ಒಂದೂವರೆ ದಿನಕ್ಕೆ ಹಸಿಯುವ ಕೂಸು ನೀನು.
ಒಂಬತ್ತು ಸೆಕೆಂಡು ಮೊದಲೇ ಎಚ್ಚರಿಸಿದ್ದೆಯಂತೆ,
ಬೆಳಿಗ್ಗೆ ಓದಿದೆ,
ಖಾಲಿ ಮೇಜನ್ನು, ಉಪ್ಪಿನ ಡಬ್ಬಿಯನ್ನು.
ನನ್ನನ್ನು ಎಬ್ಬಿಸಿದ್ದು ಕೊಕ್ಕೆಗೆ ತೂಗಿದ ಅವಳ ಬಟ್ಟಲುಗಳು,
ಒಂದಕ್ಕೊಂದು ತಾಗಿ.

ಆಮೇಲೆ ನಿನ್ನ ಕಟ್ಟಿಕೊಂಡು
ಬೆಳಗಾಗುವ ತನಕ ಮೆಟ್ಟಿಲ ಮೇಲೆ ಕೂತೆ,
ಅಲುಗದೆ, ಕೆಳಗೆ ಕ್ರೇನುಗಳ ಕೆಂಪು ದೀಪ ನೋಡುತ್ತ.
‘ಗಾಢ ನಿದ್ದೆ, ಮೂರು ಗಂಟೆ ಹತ್ತು ನಿಮಿಷ’
ಎಂದು ಬರೆದುಕೊಂಡೆ ನೀನು.
ತಿದ್ದಲು ಹೋಗಲಿಲ್ಲ ನಾನು.
ಬಲಗೈಯ ಎರಡು ಬೆರಳು ಎಡಗೈ ಹಚ್ಚೆಯ ಮೇಲಿದ್ದವು,
ಅಡುಗೆಯವ ನುಂಗಿದ ಅಕ್ಷರದ ಜಾಗದಲ್ಲಿ.
ಅಲ್ಲೂ ಬಡಿಯುತ್ತದೆ, ತಿಳಿದುಕೋ.
ನಲವತ್ತರ ತನಕ ಎಣಿಸುತ್ತೇನೆ, ಮರೆಯುತ್ತೇನೆ,
ಮತ್ತೆ ಒಂದರಿಂದ.

ಏನು, ಶೇಕಡಾ ಹನ್ನೊಂದೇ ಉಳಿದಿದೆಯಾ?
ತಡಿ, ಬಂದೆ.