ಒಲೆಯ ಚಾರ್ಜು

ಬಾ ಹರಿಣಾಕ್ಷ, ಚಪ್ಪಲಿ ಅಲ್ಲೇ ಬಿಡು.
ಪಿಕಪ್ಪಿನ ಕೀ ನಾಳೆ ಕೊಡುತ್ತೇನೆ, ಕುರಿಗಳ ಲೆಕ್ಕವೂ ನಾಳೆ.
ಇವತ್ತು ಇದೊಂದರ ಚಾರ್ಜು ತಗೋ:
ನಾಲ್ಕು ಕಾಲು, ಗಾಜಿನ ಬಾಗಿಲು,
ಮಾಡು ತೂತು ಮಾಡಿಕೊಂಡು ಹೋದ ಕೊಳವೆ.
ವಫ್ರಾದಲ್ಲಿ ಚಳಿ ಎಂದರೆ ಊರಲ್ಲಿ ನಗುತ್ತಾರೆ.
ನಗಲಿ. ಜನವರಿಯಲ್ಲಿ ಇಲ್ಲಿಯ ನಲ್ಲಿ ನೀರು
ಬೆರಳು ಕಚ್ಚುತ್ತದೆ.

ಮೊದಲು ಕಟ್ಟಿಗೆ.
ಎರಡು ತುಂಡು ಒಂದಕ್ಕೊಂದು ತಾಗಿಸಿ ನೋಡು.
ಠಣ್ ಎಂದರೆ ಒಣಗಿದೆ. ದಬ್ ಎಂದರೆ
ಹೊಟ್ಟೆಯಲ್ಲಿ ಇನ್ನೂ ನೀರುಂಟು,
ಬೆಂಕಿ ಮೊದಲು ಆ ನೀರು ಕಾಯಿಸಬೇಕು
ಆಮೇಲೆ ನಿನ್ನನ್ನು.
ಸಮರ್ ಮರ ಭಾರ, ನಿಧಾನ, ನಂಬಬಹುದು.
ಖರ್ಜೂರದ ಗರಿ ಭರ್ರೆಂದು ಉರಿದು
ನಾಲ್ಕು ಕಿಡಿ ಹಾರಿಸಿ ಎದ್ದು ಹೋಗುತ್ತದೆ,
ಮದುವೆ ಮನೆಗೆ ಬಂದ ಭಾವನ ಹಾಗೆ.
ಬಣ್ಣ ಬಳಿದ ಪ್ಯಾಲೆಟ್ಟು ಪುಕ್ಕಟೆ ಸಿಗುತ್ತದೆ.
ಬೇಡ. ಅದರ ಹೊಗೆ ಪುಕ್ಕಟೆ ಅಲ್ಲ.

ದಪ್ಪದ್ದು ಅಡಿಗೆ, ಸಪೂರದ್ದು ಮೇಲೆ, ಚಕ್ಕೆ ನೆತ್ತಿಗೆ.
ಕಡ್ಡಿ ಗೀರುವುದೂ ನೆತ್ತಿಯಲ್ಲೇ.
ಹೌದು ಮಾರಾಯ, ಅಮ್ಮ ಕಲಿಸಿದ್ದಕ್ಕೆ ಉಲ್ಟಾ.
ಮೇಲಿಂದ ಇಳಿಯುವ ಬೆಂಕಿ
ತನ್ನ ಹೊಗೆಯನ್ನು ತಾನೇ ತಿನ್ನುತ್ತದೆ.
ಪೆಟ್ರೋಲು ಕ್ಯಾನು ಈ ಹೊಸ್ತಿಲು ದಾಟಬಾರದು,
ಬೂ ಮಿಶಾರಿಯ ಮಗನೇ ತಂದರೂ.
ದಿವಾನಿಯಾದ ದಿಂಬುಗಳು ಇಲ್ಲಿಂದ ಒಂದು ಮಾರು ಆಚೆ.

ಈ ಹಿಡಿ ಎಳೆದರೆ ಒಲೆ ಉಸಿರಾಡುತ್ತದೆ.
ಹಚ್ಚುವಾಗ ಪೂರ್ತಿ, ಉರಿ ಹಿಡಿದ ಮೇಲೆ ಅರ್ಧ.
ಬೆಳಗಿನವರೆಗೆ ಬರಲಿ ಎಂದು ತುಂಬಿಸಿ, ಮೂಗು ಮುಚ್ಚಿ ಮಲಗಿದೆಯೋ
ಗಾಜು ಕಪ್ಪಾಗುತ್ತದೆ,
ಕೊಳವೆಯೊಳಗೆ ಡಾಂಬರಿನ ಹಾಗೆ ಮಸಿ ಕೂರುತ್ತದೆ,
ಒಂದು ದಿನ ಕೊಳವೆಗೇ ಬೆಂಕಿ.
ನಾನು ಬಂದ ವರ್ಷ ಕೆರೆದು ತೆಗೆದದ್ದು ಅರ್ಧ ಬಕೆಟ್ಟು.
ಚಳಿಗೆ ಮುಂಚೆ ಮಾಡು ಹತ್ತು. ಬ್ರಷ್ಷು ಶೆಡ್ಡಿನಲ್ಲುಂಟು.
ಗುಬ್ಬಿ ಗೂಡು ಕಟ್ಟಿದ್ದರೆ
ಅದನ್ನು ಮೊದಲು ಖರ್ಜೂರದ ಮರಕ್ಕೆ ದಾಟಿಸು,
ಮಸಿ ಆಮೇಲೆ.

ಬೂದಿ ಮುಚ್ಚಿದ ಕೆಂಡ:
ಶಾಲೆಯಲ್ಲಿ ಸ್ವಂತ ವಾಕ್ಯದಲ್ಲಿ ಬಳಸಿ ಎಂದಿದ್ದರು, ಎರಡು ಮಾರ್ಕು.
ಇಲ್ಲಿ ಅದು ನುಡಿಗಟ್ಟಲ್ಲ.
ತಗಡಿನ ಬಕೆಟ್ಟು, ಮುಚ್ಚಳ, ಹೊರಗೆ ಮರಳಿನ ಮೇಲೆ ಎರಡು ರಾತ್ರಿ.
ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಹುಲ್ಲಿನ ಬದಿ ಇಟ್ಟವ ಒಬ್ಬನಿದ್ದ.
ಅವನ ಜಾಗಕ್ಕೆ ನಾನು ಬಂದದ್ದು.

ಇನ್ನೊಂದುಂಟು. ಇದನ್ನು ಅರಬಿ ಕೇಳುವುದಿಲ್ಲ, ನಾನೇ ಹೇಳುವುದು.
ಹಿಂದಿನ ನಮ್ಮ ಕೋಣೆಗೆ ಒಲೆಯಿಲ್ಲ, ಕೊಳವೆಯಿಲ್ಲ.
ನಡುರಾತ್ರಿ ನಿನಗೆ ಅನ್ನಿಸುತ್ತದೆ,
ಇಲ್ಲಿಯ ನಾಲ್ಕು ಕೆಂಡ ಡಬ್ಬಿಯಲ್ಲಿ ಒಯ್ದರೇನು,
ಹೊಗೆಯೇ ಇಲ್ಲವಲ್ಲ.
ನಮಗೂ ಅನ್ನಿಸಿತ್ತು. ಅಬ್ದಲಿಯಲ್ಲಿ, ಮೂವರು,
ತುಪ್ಪದ ಡಬ್ಬಿ ತುಂಬ ಕೆಂಪು, ಬಾಗಿಲ ಸಂದಿಗೆ ಟವೆಲು.
ವಾಸನೆಯಿಲ್ಲ. ಕೆಮ್ಮಿಸುವುದಿಲ್ಲ.
ನಿದ್ದೆಯ ವೇಷದಲ್ಲೇ ಬಂತು.
ಮೊಫಿಜುಲ್ ಉಚ್ಚೆಗೆಂದು ಎದ್ದ,
ಕಾಲು ನಿಲ್ಲದೆ ಬಾಗಿಲ ಮೇಲೇ ಬಿದ್ದ, ಬಾಗಿಲು ತೆರೆಯಿತು.
ಅದಕ್ಕೇ ನಾನೀಗ ಮಾತಾಡುತ್ತಿರುವುದು.
ಮೂರನೆಯವನ ಹಾಸಿಗೆ
ಗೋಡೆಯ ಬದಿ ಇತ್ತು.

ಕಂಬಳಿ ಬೇಕಾದರೆ ನನ್ನದನ್ನೂ ಇಟ್ಟುಕೋ.
ಈ ಬಿಳಿ ಡಬ್ಬಿ ನನ್ನ ದುಡ್ಡಿನದ್ದು, ಹೋಗುವಾಗ ಒಯ್ಯುವುದಿಲ್ಲ.
ತಿಂಗಳಿಗೊಮ್ಮೆ ಗುಂಡಿ ಒತ್ತಬೇಕು. ಒತ್ತು.
ಕೂಗಲಿ, ಬೂ ಮಿಶಾರಿ ಎದ್ದರೆ ಏಳಲಿ.
ಕೇಳಿತಲ್ಲ? ಈ ಸ್ವರ ನೆನಪಿಟ್ಟುಕೋ.
ಕಿಟಕಿ ಎರಡು ಬೆರಳಷ್ಟು ಸರಿಸು.

ಈಗ ನೀನು ಹಚ್ಚು.
ನಾನು ಕೂತು ನೋಡುತ್ತೇನೆ, ಬಾಯಿ ಹಾಕುವುದಿಲ್ಲ.
ಅದಲ್ಲ, ಮಾರಾಯ,
ಆ ತುಂಡಲ್ಲ.