ಒಂದೀಟು ಜಾಗಾ

ತಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ನನ್ನ ಮೇಜಿನ ಮೇಲೆ ಎರಡು ಲೆಕ್ಕದ ಪುಸ್ತಕ.
ಒಂದು ಕೆಂಪು ರಟ್ಟಿನದು, ಮಲಗಿದ ಹಣ್ಣಿನ ಬಾಡಿಗೆಗೆ.
ಇನ್ನೊಂದು ನೂರು ಪುಟದ ಸಾಲಿ ವಹಿ,
ಕೂತ ಹೆಂಗಸರ ಪಗಾರಕ್ಕೆ.

ಒಳಗೆ ನಾಲ್ಕು ಡಿಗ್ರಿ.
ಹದಿನೈದು ಕಿಲೋದ ಡಬ್ಬಿಗಳಲ್ಲಿ ಒಣದ್ರಾಕ್ಷಿ
ದರ ಏರುವ ತನಕ ನಿದ್ದೆ ಮಾಡುತ್ತದೆ.
ತಾಸಗಾಂವದ ಲಿಲಾವಿನಲ್ಲಿ ಇವತ್ತು ಬಿದ್ದರೆ ಶ್ರಾವಣ ಬರಲಿ,
ಶ್ರಾವಣದಲ್ಲಿ ಬಿದ್ದರೆ ದೀಪಾವಳಿ.
ಕಾಯುವುದೂ ಒಂದು ಗಳಿಕೆ ಎಂದು
ನಾನು ಕಲಿತದ್ದು ಈ ಹಣ್ಣಿನಿಂದ.

ಹೊರಗೆ ತಗಡಿನ ಕೆಳಗೆ ನಲವತ್ತೊಂದು.
ಇಪ್ಪತ್ತಾರು ಹೆಂಗಸರು ತಾಡಪತ್ರಿಯ ಸುತ್ತ.
ಹಸಿರು ಬೇರೆ, ಹಳದಿ ಬೇರೆ, ಕರಿದು ಬೇರೆ,
ತೊಟ್ಟು ಬೇರೆ, ಕಲ್ಲು ಬೇರೆ.
ಸೆರಗಿಗೆ ಗಂಧಕದ ಘಾಟು, ಬೆರಳಿಗೆ ಅಂಟು.
ಅವರ ದಿವಸ ಕಾದಿಡುವಂಥದ್ದಲ್ಲ,
ಸಂಜೆ ಆರಕ್ಕೆ ಮಾರಿಹೋಗಲೇಬೇಕು
ಬಂದ ದರಕ್ಕೆ.

ಕರೆಂಟು ಹೋದರೆ
ಹನ್ನೊಂದು ಸೆಕೆಂಡಿನಲ್ಲಿ ಜನರೇಟರ್ ಹತ್ತುತ್ತದೆ.
ಎಣಿಸಿದ್ದೇನೆ, ಎಣಿಸುವುದೇ ನನ್ನ ಕಸುಬು.
ಜೈತುನಬಿಯ ಓಣಿಯಲ್ಲಿ ಹೋದದ್ದು
ಯಾವಾಗ ಬಂತೆಂದು ಯಾರೂ ಎಣಿಸುವುದಿಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ
ಅವಳು ಬಂದು ಮೇಜಿನ ಮುಂದೆ ನಿಂತಳು.
ಕೈಯಲ್ಲಿ ಉಪ್ಪಿನಕಾಯಿ ಡಬ್ಬಿ, ಒಳಗೆ ಹಸಿ ಅರಿವೆ,
ಅರಿವೆಯೊಳಗೆ ಹೆಬ್ಬೆರಳಿನಷ್ಟು ಎರಡು ಬಾಟಲಿ.
"ಮಗಳಿಗಿ ಸಕ್ಕರಿ ಬ್ಯಾನಿ ಐತ್ರಿ, ಹನ್ನೊಂದು ವರ್ಷದಾಕಿ.
ಇದು ತಂಪಿನಾಗ ಇರಬೇಕಂತ.
ಗಡಿಗಿ ನೀರಾಗ ಇಟ್ಟಿದ್ದೆ, ಈ ಬಿಸಲಿಗೆ ಗಡಿಗೀನೂ ಬಿಸಿ.
ಒಳಗ ಒಂದೀಟು ಜಾಗಾ ಕೊಡ್ರಿ."

ನಾಲ್ಕನೇ ಕೋಣೆ, ಎರಡನೇ ಸಾಲು,
ಸಾವಕಾರರ ಬೀಗರ ಮಾಲಿನ ಪಕ್ಕ ಇಟ್ಟೆ.
ಕೆಂಪು ರಟ್ಟಿನಲ್ಲಿ ಬರೆದೆ:
ಡಬ್ಬಿ ಒಂದು. ತೂಕ ಇಲ್ಲ. ಮಾಲಕರು—
ಅಲ್ಲಿ ಪೆನ್ನು ನಿಂತಿತು.
ಪಗಾರದ ವಹಿಯ ಹೆಸರೊಂದು
ಮಾಲಕರ ಕಾಲಮ್ಮಿಗೆ ದಾಟಿದ್ದು
ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ಮೇ ಕೊನೆಗೆ ಬ್ಯಾಂಕಿನವರು ಮಾಲು ಎಣಿಸಲು ಬಂದರು.
ಎಂಟು ಸಾವಿರದ ನಾನೂರಾ ಹನ್ನೆರಡು ಇರಬೇಕಾದಲ್ಲಿ
ಒಂದು ಹೆಚ್ಚು.
ಕಡಿಮೆಯಾದರೆ ಕಳವು. ಹೆಚ್ಚಾದರೆ ಏನೆನ್ನಬೇಕೋ
ಅವರ ಫಾರ್ಮಿನಲ್ಲಿ ಇರಲಿಲ್ಲ.
ಸಾವಕಾರರು ಮುಚ್ಚಳ ತೆಗೆದು ನೋಡಿ
ತಮ್ಮ ಹೊಟ್ಟೆಯನ್ನೊಮ್ಮೆ ಸವರಿಕೊಂಡರು,
ಅವರೂ ದಿನಾ ಚುಚ್ಚಿಕೊಳ್ಳುವವರೇ,
ಕಾರಿನಲ್ಲಿ ಅದಕ್ಕೆಂದೇ ಸಣ್ಣ ಫ್ರಿಜ್ಜು.
"ಇರ್ಲಿ ಬಿಡೋ, ಎಷ್ಟ ಜಾಗಾ ಹಿಡಿತೈತಿ ಅದು.
ಬಾಡಿಗಿ ಹಚ್ಚಬ್ಯಾಡ."
ಅವರ ಕಣ್ಣು ಒದ್ದೆಯಾದದ್ದು ನಿಜ. ನಾನೇ ಕಂಡೆ,
ಸುಳ್ಳು ಬರೆಯಲಾರೆ.

ಅದೇ ವಾರ ಹೆಂಗಸರು
ದಿನಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದ್ದರು.
ಕಿಲೋಕ್ಕೆ ಎಷ್ಟು ಬೀಳುತ್ತದೆಂದು
ಚೀಟಿಯಲ್ಲಿ ಲೆಕ್ಕ ಮಾಡಿ ಒಯ್ದಿದ್ದೆ. ಪೈಸೆಯ ಮಾತು.
ಅವರು ಆ ಚೀಟಿಯನ್ನು ಸಣ್ಣಗೆ ಮಡಚಿ
ಹಲ್ಲಿನ ಸಂದಿಯ ಅಡಿಕೆ ತೆಗೆದರು.
"ಈ ವರ್ಷ ದರ ಎಲ್ಲಿ ಐತಿ?"

ಜೈತುನಬಿಗೆ ಎರಡೂ ಸುದ್ದಿ ಹೇಳಿದೆ.
ಒಂದು ಕಲ್ಲು ಆರಿಸಿ ಬದಿಗೆ ಹಾಕುತ್ತ ಅಂದಳು,
"ಧರ್ಮ ಸಸ್ತಾ ಬೀಳ್ತೈತ್ರಿ,
ಪಗಾರ ತುಟ್ಟಿ."
ಮುಂದಿನ ಹಣ್ಣು ಹಳದಿ.
ಹಳದಿಯ ರಾಶಿಗೆ ಹಾಕಿದಳು.

ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ
ನಾಲ್ಕನೇ ಕೋಣೆಯ ಚಿಲಕ ತೆಗೆಯುತ್ತೇನೆ.
ಒಳಗೆ ಹೋದ ತಾಯಿ ಮಗಳು
ಸೂಜಿಗೆ ಬೇಕಾದುದಕ್ಕಿಂತ ಒಂದು ನಿಮಿಷ ಹೆಚ್ಚು ನಿಲ್ಲುತ್ತಾರೆ.
ಆ ನಿಮಿಷವನ್ನು ಯಾವ ಪುಸ್ತಕದಲ್ಲೂ ಹಿಡಿದಿಲ್ಲ ನಾನು.
ನಿನ್ನೆ ಅಲ್ಫಿಯಾ, ಬಾಯಿಂದ ಬಿಳಿ ಹೊಗೆ ಬಿಡುತ್ತ,
ಮಾಡಿನ ತನಕ ಪೇರಿಸಿದ ಡಬ್ಬಿಗಳನ್ನು ನೋಡಿ ಕೇಳಿತು:
"ಅಂಕಲ್, ಇವಕ್ಕೂ ಸಕ್ಕರಿ ಬ್ಯಾನಿ ಏನ್ರಿ?"

ಹೂಂ ಅಂದೆ.