ಹನ್ನೊಂದು ದಿನ ದೊಡ್ಡವಳು

ಸಪ್ಪೊರೊ ವಾರ್ಡ್ ಕಚೇರಿ, ಮೂರನೇ ಕಿಟಕಿ.
ಹೊರಗೆ ಹಿಮ ಗೋರುವ ಸದ್ದು.
ಮದುವೆಯ ಅರ್ಜಿಗೆ ಎರಡೇ ಖಾನೆ, ಗಂಡ, ಹೆಂಡತಿ.
ಒಂದನ್ನು ಖಾಲಿ ಬಿಟ್ಟರೆ ನಡೆಯದು.

ಕಿನುಯೊ ನನಗಿಂತ ಹನ್ನೊಂದು ದಿನ ದೊಡ್ಡವಳು.
‘ಸಾಕು, ತಾಯಿಯಾಗಬಹುದು’ ಅಂದ ಗುಮಾಸ್ತ,
ದತ್ತುಪತ್ರಕ್ಕೆ ಮೊಹರು ಒತ್ತಿದ.
ಹೆರಿಗೆಗೆ ಹಿಡಿದದ್ದು ಏಳು ನಿಮಿಷ.
ನಲವತ್ತಾರು ವರ್ಷದ ಮಗು ನಾನು.

ಈಗ ಆಸ್ಪತ್ರೆಯಲ್ಲಿ ಒಳಗೆ ಬಿಡುತ್ತಾರೆ.
‘ಅಮ್ಮನಿಗೆ ಈಗಷ್ಟೇ ಜೊಂಪು’ ಎನ್ನುತ್ತಾಳೆ ನರ್ಸು.
ಅವಳು ಅತ್ತ ಹೋದದ್ದೇ
ಅಮ್ಮ ಒಂದು ಕಣ್ಣು ತೆರೆದು
ನನ್ನ ಕಿರುಬೆರಳು ಕಚ್ಚುತ್ತಾಳೆ.

ಕಾನೂನು ಬದಲಾದರೂ ಆದೀತು, ರೇಡಿಯೋ ಹೇಳುತ್ತಿತ್ತು.
ಆದರೆ ತಾಯಿ ಮಗಳನ್ನು ಮದುವೆಯಾಗುವಂತಿಲ್ಲ,
ದತ್ತು ಹರಿದುಕೊಂಡರೂ ಇಲ್ಲ.

ಅದೇ ಕಿಟಕಿಗೆ ಹೋಗಿ ಕೇಳಬೇಕು:
ಸ್ವಾಮಿ, ಈ ತಾಯಿಯನ್ನು ವಾಪಸ್ ತಗೊಂಡು
ನಮ್ಮ ಕಿನುಯೊನ ಕೊಡ್ತೀರಾ?